ಸ್ಟಾರ್ಟ್ ಇಲ್ಲದ ರಿಮೋಟು

ವಿಲೆ ಪಾರ್ಲೆಯ ಹಳೆಯ ಬಿಲ್ಡಿಂಗೊಂದು ರೀಡೆವಲಪ್‌ಮೆಂಟಿಗೆ ಹೋಗುವ ಹೊತ್ತಿನಲ್ಲಿ, ಎರಡನೆಯ ಮಾಳಿಗೆಯ ಶರಣವ್ವನ ಮನೆಯಲ್ಲಿ ಗಂಭೀರ ಪ್ರಶ್ನೆಯೊಂದು ಎದ್ದಿತು. ಅದರ ಮುಂದೆ ಕಾರ್ಪೆಟ್ ಏರಿಯಾ, ಪಾರ್ಕಿಂಗು, ಬಿಲ್ಡರನ ನಿಯತ್ತು ಎಲ್ಲವೂ ಕ್ಷುಲ್ಲಕ. ಲಾಫ್ಟಿನಿಂದ ಇಳಿದ ಟಿವಿ ಗೇಮು ಯಾರಿಗೆ ಸೇರಬೇಕು?

ಹಕ್ಕುದಾರರು ಇಬ್ಬರು. ಮಗ ಈಶ್ವರ, ಅಂಧೇರಿಯಲ್ಲಿ ಆಫೀಸು ಕುರ್ಚಿಗಳ ವ್ಯಾಪಾರಿ. ಮಗಳು ನಾಗರತ್ನಾ, ಮಾಟುಂಗದಲ್ಲಿ ಸಂಸಾರ, ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ. ಕಬ್ಬಿಣದ ಕಪಾಟು, ಹಿತ್ತಾಳೆಯ ಹಂಡೆಗಳನ್ನು ‘ನೀನ ಒಯ್ಯಿ’ ಎಂದು ಒಬ್ಬರ ಮೇಲೊಬ್ಬರು ಉದಾರವಾಗಿ ಹೇರಿದ್ದರು. ಗೇಮಿನ ಹತ್ತಿರ ಬರುವಷ್ಟರಲ್ಲಿ ಔದಾರ್ಯ ಮುಗಿದಿತ್ತು.

ಇತಿಹಾಸ ತಿಳಿಯದೆ ನ್ಯಾಯ ಹೇಳಲಾಗದು. ಒಂದು ಕಾಲಕ್ಕೆ ಇಸ್ಪೀಟು ಎಲೆ ಮಾಡಿ ಬದುಕಿದ್ದ ಜಪಾನಿನ ಕಂಪನಿಯೊಂದು ೧೯೮೩ರಲ್ಲಿ ಕೆಂಪು-ಬಿಳಿ ಡಬ್ಬಿಯೊಂದನ್ನು ಮಾರಾಟಕ್ಕೆ ಬಿಟ್ಟು, ‘ಫ್ಯಾಮಿಲಿ ಕಂಪ್ಯೂಟರ್’ ಎಂದು ನಾಮಕರಣ ಮಾಡಿತು. ಲೋಕದ ಮಕ್ಕಳೆಲ್ಲ ಕೆಟ್ಟರು. ಮುಂಬಯಿಯ ಮಕ್ಕಳು ಮಾತ್ರ ಹತ್ತು ವರ್ಷ ತಡವಾಗಿ, ನಕಲು ಡಬ್ಬಿಯಿಂದ, ಸೋವಿಯಲ್ಲಿ ಕೆಟ್ಟರು. ವಿಜಯಪುರದಿಂದ ಬಂದು ಅರಿವೆ ಅಂಗಡಿ ಇಟ್ಟಿದ್ದ ಬಂಡೆಪ್ಪ ಡಬ್ಬಿಯ ಮೇಲೆ ‘ಕಂಪ್ಯೂಟರ್’ ಎಂದಿದ್ದುದನ್ನಷ್ಟೇ ಓದಿ, ಮಕ್ಕಳು ಇಂಜಿನಿಯರಾದರೆಂದೇ ತಿಳಿದು ಮನೆಗೆ ತಂದಿದ್ದ. ಈಗ ಅವನು ಗೋಡೆಯ ಮೇಲಿನ ಫೋಟೋದಲ್ಲಿದ್ದ. ಭ್ರಮೆ ಕೊನೆತನಕ ಹರಿದಿರಲಿಲ್ಲ.

ಡಬ್ಬಿಗೆ ಎರಡು ರಿಮೋಟು. ಜಪಾನಿನವರು ಒಂದನೆಯದಕ್ಕೆ ಸ್ಟಾರ್ಟ್ ಗುಂಡಿ ಇಟ್ಟು, ಎರಡನೆಯದಕ್ಕೆ ಅದರ ಬದಲು ಮೈಕು ಇಟ್ಟಿದ್ದರು. ನಕಲು ಮಾಡಿದವರು ಗುಂಡಿಯನ್ನೂ ಇಡಲಿಲ್ಲ, ಮೈಕನ್ನೂ ಇಡಲಿಲ್ಲ. ಮೈಕಿನ ತೂತುಗಳನ್ನು ಮಾತ್ರ ನಿಷ್ಠೆಯಿಂದ ಕೊರೆದರು. ಅಣ್ಣನಾದ್ದರಿಂದ ಒಂದನೆಯದು ಈಶ್ವರನದು. ನಾಗರತ್ನಾ ತೂತುಗಳೊಳಗೆ ಕೂಗುತ್ತ ಬಾಲ್ಯ ಕಳೆದಳು.

ಡಬ್ಬಿಗೆ ಕ್ಯಾಸೆಟ್ಟು ಚುಚ್ಚಿದರೆ ಆಟ; ಮನೆಯಲ್ಲಿದ್ದುದು ಒಂದೇ ಕ್ಯಾಸೆಟ್ಟು, ಬಲೂನಿನ ಆಟದ್ದು. ಬೆನ್ನಿಗೆ ಎರಡೆರಡು ಬಲೂನು ಕಟ್ಟಿಕೊಂಡು ಹಾರುವ ಇಬ್ಬರು, ಒಬ್ಬರ ಬಲೂನು ಒಬ್ಬರು ಒಡೆಯಬೇಕು. ಸೋಲು ಹತ್ತಿರ ಬಂದಾಗಲೆಲ್ಲ ಈಶ್ವರ ಸ್ಟಾರ್ಟ್ ಒತ್ತಿ ಆಟ ನಿಲ್ಲಿಸಿ, ನೀರು ಕುಡಿಯಲು ಹೋಗುತ್ತಿದ್ದ. ಅಷ್ಟು ನೀರು ಕುಡಿದ ಹುಡುಗ ಆ ಬಿಲ್ಡಿಂಗಿನಲ್ಲಿ ಇನ್ನೊಬ್ಬನಿರಲಿಲ್ಲ. ಬರುವಷ್ಟರಲ್ಲಿ ತಂಗಿಯ ಕೈ ಲಯ ತಪ್ಪಿರುತ್ತಿತ್ತು. ನಾಗರತ್ನಾಳಿಗೆ ಬೇಕಾಗಿದ್ದುದು ಡಬ್ಬಿಯಲ್ಲ, ಆ ಒಂದನೆಯ ರಿಮೋಟು. ನಲವತ್ತು ದಾಟಿದ ಮೇಲೆ ಹಾಗೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲವಾದ್ದರಿಂದ ‘ಅಪ್ಪನ ನೆನಪು’ ಎಂದಳು.

ಅಂದು ಖಂಡೆಪೂಜೆ, ಆಯುಧಗಳನ್ನು ಪೂಜಿಸುವ ದಿನ. ಶರಣವ್ವ ಈಳಿಗೆ, ಮಿಕ್ಸರು, ಬಂಡೆಪ್ಪನ ಅಂಗಡಿಯ ಕತ್ತರಿಗಳ ಸಾಲಿನಲ್ಲಿ ಈ ಡಬ್ಬಿಯನ್ನೂ ಕ್ಯಾಸೆಟ್ಟನ್ನೂ ಕೂರಿಸಿ, ವಿಭೂತಿ ಬಳಿದು, ಚೆಂಡುಹೂ ಏರಿಸಿದ್ದಳು. ಮಕ್ಕಳ ಜಗಳ ಕೇಳಿ ಅವಳು ಕೊಟ್ಟ ತೀರ್ಪು: ಆಡಿ ಗೆದ್ದವರು ಒಯ್ಯಲಿ.

ಈಶ್ವರ ಒಂದನೆಯ ರಿಮೋಟಿಗೆ ಕೈಹಾಕಿದ.

“ಇಷ್ಟ ವರ್ಷ ನೀ ಹಿಡದಿ,” ಎಂದಳು ಶರಣವ್ವ. “ಇವತ್ತ ಅಕಿ ಹಿಡೀಲಿ.”

“ಯವ್ವಾ, ನಾ ದೊಡ್ಡಾಂವ.”

“ಹೌದಪಾ, ಹೊಟ್ಟಿ ನೋಡಿದ್ರ ಗೊತ್ತಾಗ್ತದ.”

ಹಳದಿ ವೈರನ್ನು ಹೊಸ ಟಿವಿಯ ಹಿಂದೆ ಚುಚ್ಚಿದರು. ಪರದೆ ಬೂದಿಬಣ್ಣಕ್ಕೆ ತಿರುಗಿ ನಿಂತಿತು. ಈಶ್ವರ ಅಭ್ಯಾಸಬಲದಿಂದ ಕ್ಯಾಸೆಟ್ಟು ಕಿತ್ತು ಬಾಯಿಗೆ ತಂದ. ಊದಿದರೆ ಧೂಳು ಹೋಗಿ ಆಟ ಹತ್ತುತ್ತದೆಂಬುದು ಅವರ ಓರಗೆಯವರೆಲ್ಲರ ಅಚಲ ನಂಬಿಕೆ. ಶರಣವ್ವ ಅವನ ಕೈ ಹಿಡಿದಳು. ಪೂಜೆಯಾದದ್ದನ್ನು ಊದಿ ಎಂಜಲು ಮಾಡುವಂತಿಲ್ಲ, ದೀಪವನ್ನು ಯಾರಾದರೂ ಊದಿ ಆರಿಸುತ್ತಾರೇನು ಎಂದಳು. ನಾಗರತ್ನಾ ಸೆರಗಿನಿಂದ ಒರೆಸಿ ಒತ್ತಿ ಕೂರಿಸಿದಳು. ಆಟ ಹತ್ತಿತು.

ಅವಳ ಹೆಬ್ಬೆರಳಿನ ಕೆಳಗೆ ಸ್ಟಾರ್ಟ್ ಗುಂಡಿ ತಣ್ಣಗಿತ್ತು. ಸ್ವಲ್ಪದರಲ್ಲೇ ಈಶ್ವರನ ಒಂದು ಬಲೂನು ಒಡೆಯಿತು. ಅವನು ಬೆವರಿದ.

“ನಾಗೀ, ಜರಾ ಬಂದ್ ಮಾಡ. ನೀರ ಕುಡದ ಬರ್ತೇನಿ.”

“ಕೂಗಿ ಹೇಳಣ್ಣಾ. ನಿನ್ನ ರಿಮೋಟಿಗೆ ಮೈಕ್ ಅದ.”

ಅವಳು ಉಳಿದ ಬಲೂನಿನ ಮೇಲೆ ಎರಗುವಷ್ಟರಲ್ಲಿ ಈಶ್ವರನ ಕಾಲು ಡಬ್ಬಿಗೆ ತಾಗಿತು. ಹೇಗೆ ತಾಗಿತೆಂದು ಗಣಪತಿಯ ಫೋಟೋಕ್ಕೂ ಗೊತ್ತಿತ್ತು. ಪರದೆ ಮತ್ತೆ ಬೂದಿ. ಅವನು ಕ್ಯಾಸೆಟ್ಟು ಕಿತ್ತು, ತಾಯಿ ‘ಬ್ಯಾಡ’ ಅನ್ನುವುದರೊಳಗೆ, ಗಲ್ಲ ಉಬ್ಬಿಸಿ ಉಫ್ ಎಂದು ಊದಿಬಿಟ್ಟ. ನಾಲ್ಕು ಹನಿ ಉಗುಳೂ ಬಿತ್ತು.

ಊದಿದವನ ಮುಖದಲ್ಲಿ ಪಶ್ಚಾತ್ತಾಪದ ಸುಳಿವಿರಲಿಲ್ಲ. ನಾಗರತ್ನಾಳಿಗೆ ಆ ಮುಖ ಗೊತ್ತಿತ್ತು. ತಾಟಿನಲ್ಲಿ ಉಳಿದ ಕಡೆಯ ಶೇಂಗಾ ಉಂಡಿಯನ್ನು ನೆಕ್ಕಿ, ತನ್ನದು ಮಾಡಿಕೊಳ್ಳುತ್ತಿದ್ದ ಮುಖ. ಈ ಮನೆಯ ಕಾಯ್ದೆ ಹಳೆಯದು: ಎಂಜಲು ಮಾಡಿದವರದೇ ಪದಾರ್ಥ.

“ಈಗ ನಂದ ಆತಲ್ಲ, ಯವ್ವಾ,” ಎಂದ ಅವನು ಮೆಲ್ಲಗೆ.

ಶರಣವ್ವ ಗಂಡನ ಫೋಟೋ ನೋಡಿದಳು, ಡಬ್ಬಿ ನೋಡಿದಳು, ಮಗನ ಕೈಯಲ್ಲಿದ್ದುದನ್ನು ನೋಡಿದಳು.

“ಎಂಜಲ ಆಗಿದ್ದು ಕ್ಯಾಸೆಟ್. ಅದು ನಿಂದು,” ಎಂದಳು. “ಡಬ್ಬಿ ಮಡೀಲೇ ಅದ. ಅದು ಅಕಿದು.”

ಜಗತ್ತಿನಲ್ಲಿ ಬೇರೆ ಕ್ಯಾಸೆಟ್ಟು ಸಿಗುವುದಿಲ್ಲವೇನು ಎಂದು ನಾಗರತ್ನಾ ಕೇಳಿದಳು. ಪೂಜೆಗೆ ಕೂತ ಜೋಡಿ ಒಡೆದು ಬೇರೆಯದನ್ನು ತುರುಕಬಾರದೆಂದು ಶರಣವ್ವ ಸೇರಿಸಿ, ಹೂರಣ ರುಬ್ಬಲು ಎದ್ದಳು.

ಕ್ಯಾಸೆಟ್ಟು ಅಂಧೇರಿಗೆ ಹೋಯಿತು. ಡಬ್ಬಿ, ಎರಡೂ ರಿಮೋಟುಗಳ ಸಮೇತ, ಮಾಟುಂಗಕ್ಕೆ ಹೋಯಿತು.