ಇನ್ನೊಂದಿಷ್ಟು ತೆಗೆದರೆ

೧

ಈ ಕಥೆಯನ್ನು ಯಾವ ಪದದಿಂದ ಶುರು ಮಾಡಲಿ ಅನ್ನುವುದೇ ಮೊದಲ ತಲೆನೋವು. ‘ಸ್ತನ’ ಅಂತ ಬರೆದೆ. ಆಸ್ಪತ್ರೆಯ ಗೋಡೆಗೆ ಅಂಟಿಸಿದ ಪೋಸ್ಟರ್ ಓದಿದ ಹಾಗಾಯಿತು. ‘ಎದೆ’ ಅಂತ ತಿದ್ದಿದೆ. ಎದೆ ಅಂದರೆ ಧೈರ್ಯವೂ ಆಗುತ್ತದೆ, ದುಃಖವೂ ಆಗುತ್ತದೆ, ಎಲ್ಲವೂ ಆಗಿ ಕೊನೆಗೆ ಏನೂ ಆಗುವುದಿಲ್ಲ. ‘ಕುಚ’ ಅಂತ ಬರೆದಿದ್ದರೆ ಅಕ್ಕ ನನ್ನನ್ನು ಮನೆಯಿಂದ ಆಚೆ ಹಾಕುತ್ತಿದ್ದಳು. ‘ಮೊಲೆ’ ಅಂತ ಬರೆದು, ಯಾರಾದರೂ ನೋಡುತ್ತಿದ್ದಾರಾ ಅಂತ ಹಿಂತಿರುಗಿ ನೋಡಿದೆ. ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ.

ಅಕ್ಕನಿಗೆ ತೋರಿಸಿದೆ. ಕಥೆ ಅವಳದು, ಆದ್ದರಿಂದ ಪ್ರತಿ ಪುಟವನ್ನೂ ಅವಳು ಓದಬೇಕು ಅನ್ನುವುದು ನಮ್ಮಿಬ್ಬರ ಒಪ್ಪಂದ. (ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಇಂಥ ಒಪ್ಪಂದಕ್ಕೆ ಕೈ ಹಾಕಬೇಡಿ.)

“ಬೆನ್ನು ಅಂತ ಶುರು ಮಾಡು,” ಅಂದಳು. “ನನಗೆ ನೋಯ್ತಾ ಇದ್ದದ್ದು ಬೆನ್ನು.”

೧, ಇನ್ನೊಮ್ಮೆ

ಬೆನ್ನು.

ಅಕ್ಕ ಸಿಟಿ ಬಸ್ಸಿನ ಡ್ರೈವರ್. ನಡುವೆ ಮಡಚಿಕೊಳ್ಳುವ ಉದ್ದದ ಬಸ್ಸು. ತಿರುವಿನಲ್ಲಿ ಅದರ ಬಾಲ ಎಲ್ಲಿದೆ ಅಂತ ಅವಳಿಗೆ ಕನ್ನಡಿ ನೋಡದೆಯೂ ಗೊತ್ತಾಗುತ್ತದೆ. ಅವಳದು ಸಣ್ಣ ಮೈಕಟ್ಟು. ಮೊಲೆಗಳು ಮಾತ್ರ ಬೇರೆ ಯಾರದೋ ಮೈಗೆ ಅಂತ ಬಂದು ಇವಳಲ್ಲಿ ಉಳಿದುಬಿಟ್ಟ ಹಾಗೆ. ಸ್ಟೀರಿಂಗ್‌ಗೂ ಅವಳಿಗೂ ನಡುವೆ ಜಾಗ ಸಾಲದೆ ಸೀಟನ್ನು ಹಿಂದಕ್ಕೆ ತಳ್ಳುತ್ತಾಳೆ. ಹಿಂದಕ್ಕೆ ತಳ್ಳಿದರೆ ಕಾಲಿಗೆ ಬ್ರೇಕ್ ಎಟುಕುವುದಿಲ್ಲ. ಸೀಟ್ ಬೆಲ್ಟ್ ಹೇಗೆ ಹಾಕಿದರೂ ಕತ್ತಿಗೇ ಬಂದು ಕೂರುತ್ತದೆ. ಹಾಗಾಗಿ ವರ್ಷಗಟ್ಟಲೆ ಬಾಗಿಕೊಂಡೇ ಬಸ್ ಓಡಿಸಿದಳು.

ಇದನ್ನೇ ನಾನು ಮೊದಲು ತಮಾಷೆಯಾಗಿ ಬರೆದಿದ್ದೆ. ಸೀಟ್ ಬೆಲ್ಟ್ ಬಗ್ಗೆಯೇ ಒಂದು ಪುಟ ಇತ್ತು, ಒಳ್ಳೆಯ ಪುಟ.

“ಇದನ್ನ ಓದಿದವರು ನಗ್ತಾರಾ?” ಅಕ್ಕ ಕೇಳಿದಳು.

“ನಗಬಹುದು.”

“ಬಸ್ಸಲ್ಲೂ ನಗ್ತಾರೆ. ಅದನ್ನೇ ಪುಸ್ತಕದಲ್ಲಿ ಮತ್ತೆ ಯಾಕೆ ಓದಬೇಕು?”

ಆ ಪುಟ ಈಗ ಇಲ್ಲ.

೨

ಒಂದು ಬೆಳಿಗ್ಗೆ, ಶಾಲೆಯ ಪಕ್ಕದ ವೃತ್ತದಲ್ಲಿ ಬಸ್ ತಿರುಗಿಸುವಾಗ ಅಕ್ಕನ ಬಲಗೈ ಬೆರಳುಗಳು ಸತ್ತುಹೋದವು. ಜೋಮು ಹಿಡಿಯುವುದು ಮೊದಲಿನಿಂದ ಇತ್ತು, ಇದು ಜೋಮಲ್ಲ. ಸ್ಟೀರಿಂಗ್ ಮೇಲೆ ಯಾರದೋ ಕೈ ಬಿದ್ದುಕೊಂಡಿತ್ತಂತೆ. ಎಡಗೈಯಲ್ಲೇ ಎಳೆದು ಬದಿಗೆ ನಿಲ್ಲಿಸಿದಳು. ಮುಂದೆ ಜೀಬ್ರಾ ಪಟ್ಟೆಯ ಮೇಲೆ ಶಾಲೆಯ ಮಕ್ಕಳು ದಾಟುತ್ತಿದ್ದರು.

“ಬಸ್ ಕೆಟ್ಟಿದೆ, ಎಲ್ಲರೂ ಇಳೀರಿ,” ಅಂದಳು. ಬಸ್ ಕೆಟ್ಟಿರಲಿಲ್ಲ.

ಮರುದಿನವೇ ಡಿಪೋದವರು ಅವಳನ್ನು ಡ್ರೈವಿಂಗ್‌ನಿಂದ ತೆಗೆದು, ಬಸ್ಸಿನಲ್ಲಿ ಬಿಟ್ಟುಹೋದ ವಸ್ತುಗಳ ಕಿಟಕಿಯಲ್ಲಿ ಕೂರಿಸಿದರು. ಕೈ ನೆಟ್ಟಗಾಗುವವರೆಗೆ ಅಲ್ಲೇ. ಜನ ಬಂದು ಛತ್ರಿಯ ಬಣ್ಣ ಹೇಳುವುದು, ಇವಳು ಹುಡುಕಿ ಕೊಡುವುದು.

ಕೈ ತೋರಿಸಲು ಹೋದ ಆಸ್ಪತ್ರೆಯ ಸರ್ಜನ್ ಹೆಚ್ಚು ಮಾತಿನ ಹೆಂಗಸಲ್ಲ. ಅಕ್ಕನ ಭುಜದಲ್ಲಿ ಬ್ರಾ ಪಟ್ಟಿ ಕೊರೆದ ಹಳ್ಳವನ್ನು ಎರಡು ಬೆರಳಲ್ಲಿ ಒತ್ತಿದರು. “ಕೈಗೆ ಹೋಗೋ ನರ ಇಲ್ಲಿ ಅದುಮಿಹೋಗಿದೆ. ಮೊಲೆ ಚಿಕ್ಕದು ಮಾಡಿ ಭಾರ ಇಳಿಸಿದ್ರೆ ಕೈ ಸರಿಹೋಗುತ್ತೆ. ಇಳಿಸದಿದ್ರೆ, ಕೈ ಮರೆತುಬಿಡಿ.”

೩

ಅಕ್ಕನ ಸಂಬಳದಿಂದ ಆರೋಗ್ಯ ವಿಮೆಗೆ ಹಣ ಮುರಿದುಕೊಳ್ಳುತ್ತಿದ್ದರು. ವಿಮೆ ಇರುವುದು ಇಂಥದ್ದಕ್ಕೇ ಅಂತ ನಾವು ಅಂದುಕೊಂಡಿದ್ದೆವು. ಕಂಪನಿಯ ಉತ್ತರ ಬಂತು: ಇದು ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ, ವಿಮೆಯಲ್ಲಿ ಬರುವುದಿಲ್ಲ.

ಭಾವ ಅದನ್ನು ಜೋರಾಗಿ ಓದಿದರು. ಭಾವ ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಸಾಧು ಮನುಷ್ಯ. ಇಡೀ ವಿಷಯವನ್ನು ‘ಮೇಲಿನ ಭಾಗ’ ಅಂತಲೇ ನಿಭಾಯಿಸುತ್ತಿದ್ದರು. “ಸೌಂದರ್ಯ,” ಅಂತ ಇನ್ನೊಮ್ಮೆ ಓದಿ, ಹೆಂಡತಿಯ ಕಡೆ ನೋಡಿದರು. ಅಕ್ಕ ತಟ್ಟೆಯಲ್ಲಿದ್ದ ಊಟವನ್ನು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದಳು.

ಮೇಲ್ಮನವಿ ಹಾಕಿದೆವು. ಫೋಟೋ ಬೇಕು ಅಂದರು. ಎದುರಿನಿಂದ, ಎರಡೂ ಪಕ್ಕದಿಂದ, ಬಟ್ಟೆಯಿಲ್ಲದೆ, ತಲೆಯಿಲ್ಲದೆ.

ತೆಗೆದದ್ದು ನಾನು. ಭಾವ ಫೋನನ್ನು ನನ್ನ ಕೈಗಿಟ್ಟು ಹೊರಗೆ ಹೋದರು. ಬಾತ್‌ರೂಮಿನ ಬಿಳಿ ಗೋಡೆಗೆ ಒರಗಿ ಅಕ್ಕ ಅಂಗಿ ಬಿಚ್ಚಿದಳು. ಅವಳ ಮದುವೆಯಾಗುವವರೆಗೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದವರು. ನನಗೇನೂ ಗೊತ್ತಿರಲಿಲ್ಲ. ಭುಜದ ಹಳ್ಳದಲ್ಲಿ ನನ್ನ ಹೆಬ್ಬೆರಳು ಪೂರ್ತಿ ಮುಳುಗುತ್ತಿತ್ತು. ಮೊಲೆಯ ಅಡಿಯ ಚರ್ಮ ಬೆವರಿಗೆ ಬೆಂದು ಹಸಿಯಾಗಿತ್ತು, ಸುಟ್ಟ ಗಾಯದ ಹಾಗೆ. ಆ ಗಾಯದ ಮೇಲೆ ಪೌಡರ್ ಹಾಕಿಕೊಂಡು ಇವಳು ದಿನವೂ ಜನರನ್ನು ಅವರವರ ಕೆಲಸಕ್ಕೆ ಮುಟ್ಟಿಸುತ್ತಿದ್ದಳು.

“ತಲೆ ಬಂತಾ?” ಅಕ್ಕ ಕೇಳಿದಳು.

“ಇಲ್ಲ.”

“ಗಲ್ಲ?”

“ಸ್ವಲ್ಪ.”

“ಇನ್ನೊಂದು ತೆಗಿ. ಗಲ್ಲ ಕಂಡ್ರೆ ನಾನು ಅಂತ ಗೊತ್ತಾಗುತ್ತೆ.”

(ಇಲ್ಲಿ ತಲೆಯಿಲ್ಲದ ಶಿಲ್ಪಗಳ ಬಗ್ಗೆ ಒಂದು ಸೊಗಸಾದ ಪ್ಯಾರಾ ಇತ್ತು. ಅಕ್ಕ ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ನಾನು ಶಿಲ್ಪ ಅಲ್ಲ’ ಅಂತ ಬರೆದಿದ್ದಾಳೆ.)

೪

ಕಂಪನಿಯ ಡಾಕ್ಟರ ಫೋನ್ ಬಂತು. ಸ್ಪೀಕರ್‌ಗೆ ಹಾಕಿ, ಊಟದ ಮೇಜಿನ ಸುತ್ತ ಮೂವರೂ ಕೂತೆವು. ನಯವಾದ ದನಿ. ಫೋಟೋ ನೋಡಿದ್ದೇನೆ, ತೊಂದರೆ ಅರ್ಥವಾಗುತ್ತದೆ, ಅಂದರು. ಆದರೆ ಅವರ ಬಳಿ ಒಂದು ಪಟ್ಟಿ ಇದೆ. ಇಂತಿಷ್ಟು ಎತ್ತರ, ಇಂತಿಷ್ಟು ತೂಕದ ಹೆಂಗಸಾದರೆ ಒಂದೊಂದು ಕಡೆಯಿಂದ ಕನಿಷ್ಠ ಇಂತಿಷ್ಟು ಗ್ರಾಂ ತೆಗೆಯಬೇಕು. ನಿಮ್ಮ ಸರ್ಜನ್ ಹೇಳಿದ್ದು ಅದಕ್ಕಿಂತ ಕಡಿಮೆ.

“ಅಂದ್ರೆ?” ಅಂದಳು ಅಕ್ಕ.

“ಅಂದ್ರೆ ನಿಮ್ಮದು ಅಂಚಿನ ಕೇಸು ಮೇಡಂ. ಕಡಿಮೆ ತೆಗೆದ್ರೆ ಅದು ಸೌಂದರ್ಯ. ಇನ್ನೊಂದಿಷ್ಟು ತೆಗೆದ್ರೆ ಕಾಯಿಲೆ.”

ಭಾವ ಬಾಯಿ ಬಿಟ್ಟರು. “ನನ್ನ ಹೆಂಡತಿ ಮೊಲೆನ ತಕ್ಕಡೀಲಿ ತೂಗ್ತೀರೇನ್ರೀ?”

“ನಾವಲ್ಲ ಸಾರ್,” ದನಿ ಒಂದಿಷ್ಟೂ ಏರಲಿಲ್ಲ. “ಆಪರೇಷನ್ ಆದ ಮೇಲೆ ಆಸ್ಪತ್ರೆಯವರು ತೂಗಿ ಕಳಿಸ್ತಾರೆ.”

ಸರ್ಜನ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟರು. “ಅಷ್ಟು ತೆಗೆದ್ರೆ ಆಕಾರ ಕೆಡುತ್ತೆ. ಸ್ಪರ್ಶವೂ ಹೋಗಬಹುದು. ಕೈ ಸರಿಹೋಗೋದಕ್ಕೆ ಅಷ್ಟು ಬೇಕಾಗಿಲ್ಲ.” ಸರ್ಜನ್ ಸಾಕು ಅಂದಷ್ಟನ್ನೇ ತೆಗೆಸಿ ಖರ್ಚು ನಾವೇ ಹೊರುವುದು ಆಗದ ಮಾತು.

ಚಂದ ಕೆಡಿಸಿಕೊಂಡರೆ ಮಾತ್ರ ಇದು ಚಂದಕ್ಕಲ್ಲ ಅಂತ ಕಂಪನಿಯವರು ನಂಬುತ್ತಾರೆ. ಈ ವಾಕ್ಯ ಬರೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನನ್ನ ಡ್ರಾಫ್ಟಿನಲ್ಲಿ ಅಕ್ಕ ಇದನ್ನು ಫೋನಿನಲ್ಲೇ ಹೇಳಿ, ಕುಕ್ಕಿದ ಹಾಗೆ ಫೋನ್ ಇಟ್ಟು, ಎದ್ದು ಹೋಗುತ್ತಾಳೆ.

“ನಾನು ಹಾಗೆ ಹೇಳಲಿಲ್ಲ,” ಅಂದಳು ಅಕ್ಕ.

“ಕಥೇಲಿ ಹೇಳಬಹುದಲ್ಲ.”

“ಹೇಳಿದ ಮೇಲೆ ನಿನ್ನ ಕಥೆಯವಳು ಬಸ್ ಓಡಿಸ್ತಾಳಾ, ಛತ್ರಿ ಹುಡುಕ್ತಾ ಕೂರ್ತಾಳಾ?”

ನಿಜವಾಗಿ ನಡೆದದ್ದು ಇಷ್ಟು: ಅಕ್ಕ ಭಾವನನ್ನು ಕೇಳಿದಳು, “ನೋಡೋಕೆ ಚೆನ್ನಾಗಿರಲ್ಲವಂತೆ. ನೀವೇನಂತೀರಿ?” ಭಾವ ಮೇಜಿನ ಅಂಚು ಸವರಿದರು. “ನೀನು ನೆಟ್ಟಗೆ ಕೂತು ಊಟ ಮಾಡಿದ್ದು ನೋಡಿ ಎಷ್ಟು ಕಾಲ ಆಯ್ತೇ,” ಅಂದರು.

ಅಕ್ಕ ಸರ್ಜನ್‌ಗೆ ಫೋನ್ ಮಾಡಿ, ಪಟ್ಟಿಯಲ್ಲಿ ಇದ್ದಷ್ಟೂ ತೆಗೆಯಿರಿ ಅಂದಳು.

೫

ಆಪರೇಷನ್ ಆಯಿತು. ಎಚ್ಚರವಾದಾಗ ಅಕ್ಕ ಎದೆಯ ಕಡೆ ನೋಡಿಕೊಳ್ಳಲಿಲ್ಲ. ಬಲಗೈ ಎತ್ತಿ ಬೆರಳು ಆಡಿಸಿದಳು. ಮೊದಲ ಸಲ ಎದ್ದು ಕೂತಾಗ ನನಗಿಂತ ಎತ್ತರ ಕಂಡಳು. ಅವಳು ನನಗಿಂತ ಎತ್ತರ ಅನ್ನುವುದನ್ನೇ ನಾನು ಮರೆತಿದ್ದೆ.

ಹೊಲಿಗೆ ಬಿಚ್ಚಿಸಲು ಹೋದ ದಿನ ಸರ್ಜನ್ ಬಾಗಿಲು ಹಾಕಿ ಬಂದು ಕೂತರು. ತೆಗೆದ ಮಾಂಸವನ್ನು ಲ್ಯಾಬಿಗೆ ಕಳಿಸುವುದು ವಾಡಿಕೆ. ತಮ್ಮ ಲೆಕ್ಕದ್ದನ್ನು ಒಂದು ಜಾಡಿಗೆ, ಕಂಪನಿ ಕೇಳಿದ ಹೆಚ್ಚಿನದನ್ನು ಇನ್ನೊಂದಕ್ಕೆ ಹಾಕಿಸಿದ್ದರು, ಈ ದಬ್ಬಾಳಿಕೆಗೆ ಸಾಕ್ಷಿ ಇರಲಿ ಅಂತ.

“ಎರಡನೇ ಜಾಡಿಯಲ್ಲಿ ಕ್ಯಾನ್ಸರ್ ಸಿಕ್ಕಿದೆ,” ಅಂದರು. “ತುಂಬ ಚಿಕ್ಕ ಗಂಟು. ಮೊದಲು ಮಾಡಿಸಿದ ಸ್ಕ್ಯಾನ್‌ನಲ್ಲಿ ಕಂಡಿರಲಿಲ್ಲ. ನಾನು ಅಂದುಕೊಂಡಷ್ಟೇ ತೆಗೆದಿದ್ರೆ ಒಳಗೇ ಉಳೀತಿತ್ತು.”

ಓದುಗರೇ, ಪುಸ್ತಕ ಕೆಳಗಿಡುವುದಿದ್ದರೆ ಇಡಿ. ನಾನೂ ಪೆನ್ನು ಕೆಳಗಿಟ್ಟಿದ್ದೆ. ಇಂಥದ್ದನ್ನು ನಾನು ಕಟ್ಟಿ ಬರೆದಿದ್ದರೆ ಯಾವ ಸಂಪಾದಕರೂ ಒಪ್ಪುತ್ತಿರಲಿಲ್ಲ. ಗಂಟನ್ನು ಮೊದಲ ಜಾಡಿಗೆ ಹಾಕಿ ಬರೆದು ನೋಡಿದೆ. ಕಂಪನಿಯನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಗಂಟೇ ಇಲ್ಲದೆ ಬರೆದು ನೋಡಿದೆ. ಅಕ್ಕ ಆರಾಮಾಗಿ ಡಿಪೋಗೆ ಹೋದಳು, ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಪುಟವನ್ನೂ ಅವಳು ಓದಿದಳು. “ಅಲ್ಲಿ ಅಳಿಸಿಬಿಟ್ಟೆ,” ಅಂದು, ನನ್ನ ಕೈ ಹಿಡಿದು ತನ್ನ ಗಾಯದ ಮೇಲೆ ಇಟ್ಟುಕೊಂಡಳು. “ಇಲ್ಲಿ ಅಳಿಸು ನೋಡೋಣ.”

೬

ಕಂಪನಿಯಿಂದ ಒಬ್ಬಳು ಫೋನ್ ಮಾಡಿದಳು. ಎಳೆಯ ದನಿ. ಇನ್ನು ಮುಂದಿನ ಚಿಕಿತ್ಸೆಯೆಲ್ಲ ವಿಮೆಯಲ್ಲೇ ಬರುತ್ತದೆ, ಯಾವ ಫೋಟೋವೂ ಬೇಡ, ಅಂದಳು. ಆಮೇಲೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಇರಬೇಕು: “ನಮ್ಮ ನಿಯಮದಿಂದ ನಿಮಗೆ ಒಳ್ಳೇದೇ ಆಯ್ತು ಅಲ್ವಾ ಮೇಡಂ?”

“ನಿಮ್ಮ ನಿಯಮಕ್ಕೆ ನನ್ನ ಗಂಟು ಗೊತ್ತಿತ್ತಾ?”

“ಇಲ್ಲ ಮೇಡಂ.”

“ಹಾಗಾದ್ರೆ ಅದು ಒಳ್ಳೇದು ಮಾಡಲಿಲ್ಲ,” ಅಂದಳು ಅಕ್ಕ. “ಕತ್ತಲಲ್ಲಿ ಕಲ್ಲು ಹೊಡೀತು. ಬಿದ್ದದ್ದು ಹಾವಿಗೆ. ನನಗೂ ಬಿದ್ದಿರಬಹುದಿತ್ತು.” ಫೋನ್ ಇಟ್ಟ ಮೇಲೆ ಅವಳ ಎರಡೂ ಕೈ ನಡುಗುತ್ತಿದ್ದವು. ನಡುಗುವುದು ಬಲಗೈಗೂ ಗೊತ್ತಾಗುತ್ತಿತ್ತು.

ಕೊನೆ, ಬೇಕಾದವರಿಗೆ

ಕೊನೆ ಒಂದು: ಅಕ್ಕ ಕಂಪನಿಯನ್ನು ಕ್ಷಮಿಸುತ್ತಾಳೆ. ಇದನ್ನು ಅವಳಿಗೆ ತೋರಿಸುವ ಧೈರ್ಯ ನನಗಿಲ್ಲ.

ಕೊನೆ ಎರಡು: ಕೋರ್ಟು. ಜೀವ ಉಳಿಸಿದ್ದಕ್ಕೆ ಕೇಸು ಹಾಕುವುದು ಹೇಗೆ ಅಂತ ವಕೀಲರು ನಮ್ಮನ್ನೇ ಕೇಳಿದರು.

ಕೊನೆ ಮೂರು: ದೈವಲೀಲೆ. ಭಾವನಿಗೆ ಇದು ಇಷ್ಟವಾಯಿತು. ಅಕ್ಕ ಮಾತ್ರ, “ದೇವರಿಗೆ ಗ್ರಾಂ ಪಟ್ಟಿ ಯಾಕೆ ಬೇಕು?” ಅಂದಳು.

ಈಗ ನಾವು ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತಿದ್ದೇವೆ. ಉಳಿದದ್ದರಲ್ಲಿ ಇನ್ನೂ ಏನಾದರೂ ಇದೆಯಾ ಅಂತ ನೋಡುತ್ತಾರಂತೆ. ಪ್ಲಾಸ್ಟಿಕ್ ಕುರ್ಚಿಗಳು, ದನಿ ಇಲ್ಲದ ಟಿವಿ. ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ನಾನು ಈ ಸಾಲುಗಳನ್ನೇ ಬರೆಯುತ್ತಿದ್ದೇನೆ, ಪಕ್ಕದಿಂದ ಅಕ್ಕ ಇಣುಕುತ್ತಿದ್ದಾಳೆ.

“ಕೊನೆ ಯಾವುದು?” ಅಂದಳು.

“ಹುಡುಕ್ತಿದ್ದೀನಿ.”

ನರ್ಸ್ ಬಾಗಿಲಲ್ಲಿ ನಿಂತು ಕರೆದಳು. ಅಕ್ಕ ಎದ್ದು, ಬಳೆ ತೆಗೆದು ನನ್ನ ಕೈಗೆ ಕೊಟ್ಟಳು.

“ನಾನು ಬರೋವರೆಗೆ ಏನನ್ನೂ ಮುಗಿಸಬೇಡ,” ಅಂದು ಒಳಗೆ ಹೋದಳು.

ಬಾಗಿಲು ಹಾಕಿಕೊಂಡಿತು. ನಾನು