ತಲಿಗೊಂದು ತುಣುಕು

ಉಗುರಿನಾಗ ಇನ್ನೂ ಕೆಸರೈತಿ, ಮೈಕು ಹಿಡಿದ ಕೈಯಾಗ, ತೋಟಪ್ಪ ಸಾವ್ಕಾರನ ಗದ್ದಿ ಕೆಸರು — ಅದೇ ಕೈಲೆ ಕರ್ತನ ಭೋಜನ ಕೊಡ್ತಾನಂತ, ಥೂ, ಪಾಸ್ಟ್ರಂತ ಇಂವ, ಮೆಟ್ರಿ ಊರಾಗ ಬಿಳೇ ಬೂಟು ಹಾಕ್ಕೊಂಡು ತಿರುಗೋ ಗಂಡಸು ಇವನೊಬ್ಬನ, ಮೊನ್ನಿ ಮೊನ್ನಿ ತನಕ ಮರಿಯಮ್ಮನಹಳ್ಳ್ಯಾಗ ಲಾರಿ ತೊಳೀತಿದ್ದ ಅಂಜಿನಯ್ಯ, ಲಾರಿ ತೊಳಿಯೋದು ಮರ್ಯಾದಿ ಕೆಲಸ, ಅದನ್ನ ಮಾಡ್ಕೊಂಡು ಇರಬಾರದಿತ್ತಾ — ಎರ್ರೆಮ್ಮ ಚಾಪಿ ಮ್ಯಾಲೆ ಕಾಲು ಮಡಚಿ ಕುಂತು ಸೆರಗು ತಲಿಮ್ಯಾಲೆ ಎಳಕೊಂಡಳು, ಪ್ರಾರ್ಥನಿಗೆ ಎಲ್ಲರ ಕಣ್ಣೂ ಮುಚ್ಯಾವ, ಆಕೀವು ಮಾತ್ರ ಮುಚ್ಚವಲ್ಲವು, ಮೇಜಿನ ಮ್ಯಾಲಿನ ತಟ್ಟಿ ಕಡೀಗೇ ಹೋಗ್ತಾವ, ತಟ್ಟಿಗೆ ಮುಚ್ಚಿದ ಬಿಳೇ ವಸ್ತ್ರ ಆಕೀನ ಒಗದದ್ದು, ಅದರ ಕೆಳಗಿನ ಬ್ರೆಡ್ಡು ಆಕೀನ ಕೊಯ್ದದ್ದು, ಉಪದೇಶಿ ಅಯ್ಯನೋರು ಇದ್ದಾಗಿಂದ ಆ ಕೆಲಸ ಆಕೀದು. ಮಣ್ಣಾದ್ರು ಪುಣ್ಯಾತ್ಮರು, ಅಕ್ಷರ ಕಲಿಸಿ ಸತ್ಯವೇದ ಓದಾಕ ಹಚ್ಚಿದವರು, ಉಳಿದ ತುಣುಕು ಇಲ್ಲೇ ತಿಂದು ಮುಗಸ್ರಿ, ಮನಿಗೆ ಒಯ್ದು ತೊಟ್ಟಿಲಿಗೆ ಕಟ್ಟೀರಿ, ತಾಯತ ಮಾಡೀರಿ, ಇದು ಮಂತ್ರ ಅಲ್ಲರವ್ವಾ, ನಮ್ಮ ಸಲುವಾಗಿ ಸತ್ತವನ ನೆನಪು, ಅನ್ನೋರು — ಆಗ ಕೂಲಿ ಇರಲಿಲ್ಲ, ಗಂಜಿ ಕುಡದು ಹಾಡು ಹೇಳಿದ್ವಿ, ಒಬ್ಬರೂ ಒಂದು ತುಣುಕು ಹೊರಗ ಒಯ್ಯಲಿಲ್ಲ, ಈಗ ಕಾಲುವಿ ನೀರು ಬಂತು, ವರ್ಷಕ್ಕ ಎರಡು ಬೆಳಿ, ಕಬ್ಬು, ಬಾಳಿ, ಹೊಟ್ಟಿ ತುಂಬಿತು, ಬುದ್ಧಿ ಖಾಲಿ ಆತು.

ತೋಟಪ್ಪನ ಭತ್ತಕ್ಕ ಬೆಂಕಿ ರೋಗ ಬಿದ್ದಾಗ ಸುರುವಾತು ಇದೆಲ್ಲಾ, ಹಣಿತುಂಬ ಇಬತ್ತಿ ಹಚ್ಕೊಳ್ಳೋ ಸಾವ್ಕಾರ, ರೈಸ್ ಮಿಲ್ಲಿನ ಧಣಿ, ದರ್ಗಾಕ್ಕೂ ಸಕ್ಕರಿ ಒಯ್ತಾನ, ಇದೊಂದು ದೇವರೂ ಇರ್ಲಿ ಅಂತ ಈ ಪಾಸ್ಟ್ರನ್ನ ಕರೆಸಿದ, ಇಂವ ಎದ್ದುಬಿದ್ದು ಹೋದ. ಎಳ್ಳಮಾಸಿಗೆ ಕಡಬು, ಅನ್ನ ಕಲಸಿ ಹೊಲದಾಗ ಚರಗ ಚೆಲ್ತಾರಲ್ಲ, ಹಂಗ, ಭೋಜನದ ಬ್ರೆಡ್ಡು ಬುಟ್ಟ್ಯಾಗ ಹಾಕ್ಕೊಂಡು ಬದುವಿನ ಮ್ಯಾಲೆ ನಡಕೋತ ಹಿಡಿ ಹಿಡಿ ತೂರಿ ಹಲ್ಲೆಲೂಯ ಅಂತ ಕೂಗಿದ, ರೋಗ ಹೋತು, ಔಷಧಿ ಹೊಡಸಿದ್ದನ್ನ ಎಲ್ಲಾರೂ ಮರತ್ರು, ಅವತ್ತಿಂದ ಪ್ರತಿ ನಾಟಿಗೂ ಮೊದಲು ಇವನ ಚರಗ. ನಿನ್ನೆ ಎರ್ರೆಮ್ಮ ಅಲ್ಲೇ ಸಸಿ ಕೀಳಾಕತ್ತಿದ್ದಳು, ಒಂದು ತುಣುಕು ಆಕಿ ಮುಂದೇ ಕೆಸರಾಗ ಬಿತ್ತು, ಬೆಳ್ಳನೆ ತುಣುಕು, ಒಂದು ಬೆಳ್ಳಕ್ಕಿ ಬಂದು ಕುಕ್ಕಿ ನುಂಗಿತು, ಉದ್ದನೆ ಕುತ್ತಿಗ್ಯಾಗ ಗಂಟು ಕೆಳಗ ಇಳೀತಾ ಹೋತು, ಯಾರ ಮೈ ಅದು, ಯಾರ ನೆನಪು, ಹಕ್ಕಿಗೇನು ಗೊತ್ತು. ಹಕ್ಕಿಗೆ ಗೊತ್ತಿಲ್ಲ, ಇವರಿಗೆ ಗೊತ್ತಿರಬೇಕಲ್ಲ.

ಸಾವ್ಕಾರ ನಾಟಿ ಕೆಲಸ ಎಲ್ಲಾ ಸಭೆಯ ಹೆಣ್ಮಕ್ಕಳಿಗೇ ಕೊಟ್ಟಾನ, ಚರಗದ ಋಣ, ಗುಂಪಿನ ಮೇಸ್ತ್ರಿ ದ್ಯಾಮಕ್ಕ ನಿನ್ನೆ ಸಂಜಿಗೆ ಹೊಸ್ತಿಲದಾಗ ಕುಂತು, ನಾಳಿ ಬ್ರೆಡ್ಡು ಜಾಸ್ತಿ ಕೊಯ್ಯವಾ ಎರ್ರಿ, ಕೆಳಗಿನ ಗದ್ದಿಗೂ ಬೇಕಂತ, ಇಲ್ಲಂದ್ರ ಕಂಪ್ಲಿ ಆಳು ಕರೆಸ್ತಾನಂತ, ನೀ ಮೊಂಡುತನ ಮಾಡಿದ್ರ ಗುಂಪಿಗೆ ಬರಬ್ಯಾಡ, ಅಂದಳು. ಒಳಗ ಗಂಡ ತಾಯಪ್ಪ, ಮೂಟಿ ಹೊತ್ತು ಸೊಂಟ ಮುರಕೊಂಡು ಮಲಗಿದಾಂವ, ಕೇಳಿಸ್ಕೊಂಡ, ಕೆಮ್ಮಿದ, ಆಕಿ ಕೂಲಿ ಬಿಟ್ರ ಒಲಿ ಹತ್ತಂಗಿಲ್ಲ ಅನ್ನೋದು ಅವಂಗೂ ಗೊತ್ತು. ಮುಂಜಾನೆ ಚಾಕು ತಗೊಂಡು ಸಭೆಯವರನ್ನ ಒಬ್ಬೊಬ್ಬರನ್ನೇ ನೆನಸ್ಕೋತ ಕೊಯ್ದಳು, ಆಮ್ಯಾಲೆ ಚಾಕು ತೊಳೆದಿಟ್ಟಳು.

ಈಗ ಅಂಜಿನಯ್ಯ ವಸ್ತ್ರ ಎತ್ತಿದ, ನೋಡಿದ, ಮೈಕು ಬದಿಗಿಟ್ಟು ಬಗ್ಗಿದ, ಹೊಲದ ಪಾಲು ಎಲ್ಲೈತಿ ಎರ್ರೆಮ್ಮಾ, ಅಂದ. ಹೊಲ ಪಾಪ ಮಾಡಿಲ್ಲರಿ, ಅದಕ್ಯಾಕ ಭೋಜನ, ತಲಿಗೊಂದು ಕೊಯ್ದೀನಿ. ಅಂದೇಬಿಟ್ಟಳು, ಎಲ್ಲಾರಿಗೂ ಕೇಳಿಸಿತು, ಸಿಟ್ಟಿಗೇಳ್ತಾನಂತ ಮಾಡಿದ್ದಳು, ನಕ್ಕ ಬಾಡ್ಯಾ, ತಲಿಗೊಂದರಂಗ ಎಲ್ಲರ ಕೈಗೂ ತುಣುಕು ಹಂಚಿ, ಅದರ ಹಿಂದ ಬುಟ್ಟಿ ಕಳಿಸಿದ, ವಿಶ್ವಾಸ ಇದ್ದವರು ತಮ್ಮ ಪಾಲು ಹೊಲಕ್ಕ ಬಿಡ್ರಿ. ದ್ಯಾಮಕ್ಕ ತನ್ನದು ಹಾಕಿದಳು. ಭೀಮಮ್ಮ ಹಾಕಿದಳು, ಸುಂಕಮ್ಮ ಬಾಯಿ ತನಕ ಒಯ್ದದ್ದನ್ನ ವಾಪಸ್ ತಂದು ಹಾಕಿದಳು — ಇವರಿಗೆ ಕರ್ತನ ಮೈನೂ ಒಂದು ಹಿಡಿ ಗೊಬ್ಬರ, ಗಂಜಿ ಕುಡದಾಗ ಇದ್ದ ಮಾನ ಅನ್ನ ಉಂಡಮ್ಯಾಲೆ ಹೋತು, ಅಯ್ಯನೋರು ಸತ್ತದ್ದೇ ಚಲೋ ಆತು — ಬುಟ್ಟಿ ಆಕಿ ಮೊಣಕಾಲಿಗೆ ಬಂದು ತಾಗಿತು, ಹಾಕವಾ ಎರ್ರಿ, ನಿನ್ನ ಕಾಲು ಬೀಳ್ತೀನಿ, ತಾಯಪ್ಪನ ಮುಖಾ ನೋಡಿ ಹಾಕು, ದ್ಯಾಮಕ್ಕನ ಕಣ್ಣಾಗ ಖರೇನ ನೀರು, ಈಕಿ ಒಬ್ಬಾಕಿಯಾದ್ರೂ ಬೈಯಾಕ ಬರೂ ಹಂಗ ಇರಬಾರದಿತ್ತಾ. ಎರ್ರೆಮ್ಮ ತುಣುಕು ಬಾಯಾಗ ಇಟ್ಟುಕೊಂಡಳು. ಎಲ್ಲಾರೂ ನೋಡ್ತಾರ, ಅಗೀತಾಳ, ನಾಳಿ ಗದ್ದಿ ಇಲ್ಲ, ನಾಡದು ಒಲಿ ಇಲ್ಲ, ತಾಯಪ್ಪ ಕೆಮ್ಮತಾನ, ಅಗೀತಾಳ, ಒಣಾ ಬ್ರೆಡ್ಡು, ಬಾಯಾಗ ನೀರಿಲ್ಲ, ಇಳೀವಲ್ಲದು, ಗಂಟಲಾಗ ನಿಂತೈತಿ, ಕೆಸರಾಗ ಬೆಳ್ಳಕ್ಕಿ, ಉದ್ದನೆ ಕುತ್ತಿಗಿ, ಕುತ್ತಿಗ್ಯಾಗ ಗಂಟು.