ಎದುರುದಾರರ ಕಾರು

"ಹತ್ರಿ, ಹೊಳೆವ್ವ. ಹಳಿಯಾಳದ ಬಸ್ ಹೋತು. ಇನ್ನ ಸಂಜೀತನಕಾ ಇಲ್ಲ."

ಕಾರವಾರದ ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿ ಹೀಗೆ ಕರೆದವರು ಡಾಕ್ಟರ್ ಸಂಜೀವಕುಮಾರ. ಹಳಿಯಾಳದಲ್ಲಿ ಅವರದೊಂದು ನರ್ಸಿಂಗ್ ಹೋಮ್. ಅವರ ಮೇಲೆ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟವಳು ಇದೇ ಹೊಳೆವ್ವ. ಕಾಗದಪತ್ರದಲ್ಲಿ ಅವಳು ದೂರುದಾರಳು, ಅವರು ಎದುರುದಾರರು. ಇಬ್ಬರೂ ವಿಚಾರಣೆಗೆಂದೇ ಇಷ್ಟು ದೂರ ಬಂದಿದ್ದರು. ಅಧ್ಯಕ್ಷರು ರಜೆಯಲ್ಲಿದ್ದುದರಿಂದ ಮುಂದಿನ ತಾರೀಕು ಕೊಟ್ಟು ಇಬ್ಬರನ್ನೂ ಸಾಗಹಾಕಿದ್ದರು. ಹೊಳೆವ್ವ ಅತ್ತಿತ್ತ ನೋಡಿ ಹಿಂದಿನ ಸೀಟಿನಲ್ಲಿ ಹತ್ತಿ ಕುಳಿತಳು. ಹರೆಯದಿಂದ ತಾನು ಕಾಯಿಲೆಗೆಲ್ಲ ಕೈ ತೋರಿಸಿಕೊಂಡು ಬಂದ ಡಾಕ್ಟರು ಕರೆದರೆ ಒಲ್ಲೆ ಅನ್ನುವುದು ಅವಳಿಗಿನ್ನೂ ರೂಢಿಯಾಗಿರಲಿಲ್ಲ. ದೂರು ಕೊಟ್ಟ ಮಾತ್ರಕ್ಕೆ ಮರ್ಯಾದೆ ಬಿಡಲಾದೀತೇ?

ಕಾರು ಕದ್ರಾ ದಾಟಿತು. ಕೇಸಿನ ಮಾತೆತ್ತಬಾರದೆಂದು ಡಾಕ್ಟರಿಗೆ ತಮ್ಮ ವಕೀಲರ ಕಟ್ಟಪ್ಪಣೆಯೇ ಇತ್ತು. ಹೆಂಗಸು ಸೋತಿದ್ದಾಳೆ, ಮುಂದಿನ ತಾರೀಕಿಗೆ ದೂರು ಹಿಂದೆ ತೆಗೆದುಕೊಳ್ಳುತ್ತಾಳಂತೆ, ಅಲ್ಲಿಯವರೆಗೆ ನೀವು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ಅವರು ಬೆಳಿಗ್ಗೆಯಷ್ಟೇ ಹೇಳಿದ್ದರು.

ಹೊಳೆವ್ವನ ಮಗಳು ರಾಜಶ್ರೀ ಕಾಲಿನ ಗಾಯಕ್ಕೆಂದು ನರ್ಸಿಂಗ್ ಹೋಮಿಗೆ ಬಂದವಳು, ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಿ ತೀರಿಕೊಂಡಿದ್ದಳು. ಆ ಔಷಧ ಮಗಳಿಗೆ ಆಗಿಬರುವುದಿಲ್ಲ ಎಂದು ಮೊದಲೇ ಹೇಳಿದ್ದೆ ಎಂಬುದು ಹೊಳೆವ್ವನ ದೂರು. ಹೇಳಿಯೇ ಇಲ್ಲ ಎಂಬುದು ಡಾಕ್ಟರ ಲಿಖಿತ ಉತ್ತರ. ಆ ಉತ್ತರ ಓದಿದಂದಿನಿಂದ ಅಳಿಯ ಈಶಪ್ಪ ಅತ್ತೆಯನ್ನು ಕಂಡರೆ ಸಿಡಿಯುತ್ತಿದ್ದ.

ಅಣಶಿ ಘಟ್ಟದ ತಿರುವುಗಳು ಶುರುವಾದವು. ಹೊಳೆವ್ವ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಳು.

"ಸಾಹೇಬ್ರ, ಒಂದ್ ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ."

"ಕೇಸಿನ ಮಾತ್ ಬ್ಯಾಡವ್ವ."

"ಕೇಸ್ ನಾ ಹಿಂದ ತಗೀತೇನ್ರಿ. ಅದಲ್ಲ. ಅವತ್ತ ನಾ ನಿಮಗ ಹೇಳಿದ್ದೆನೋ ಇಲ್ಲೋ? ನನಗ ಹೇಳಿದಂಗ ನೆನಪೈತಿ. ಈಶಪ್ಪ, ಇಲ್ಲ ಅತ್ತಿ, ನೀ ಹೇಳೂದ ಮರತೀದಿ, ಹಡದ ಮಗಳ್ನ ನೀನ ಕೊಂದಿ ಅಂತಾನ. ಕೇಳಿ ಕೇಳಿ ನನಗೂ ಹಂಗ ಅನಸಾಕ ಹತ್ತೈತಿ. ನಾ ಹೇಳದ ಇದ್ದು ನಿಮ್ಮ ಮ್ಯಾಲೆ ಹೊರಿಸಿದ್ರ ಪಾಪ ಅಲ್ಲೇನ್ರಿ? ಅದಕ್ಕ ತಗೀತೇನಿ. ಇಲ್ಲಿ ಯಾರಿಲ್ಲ. ಖರೇ ಹೇಳ್ರಿ. ಇಲ್ಲ ಅಂದ್ರೂ ತಡಕೋತೇನಿ."

ಎದುರಿನಿಂದ ಲಾರಿಯೊಂದು ಇಳಿಯುತ್ತಿತ್ತು. ಡಾಕ್ಟರು ಕಾರನ್ನು ಅಂಚಿಗೆ ನಿಲ್ಲಿಸಿದರು. ಲಾರಿ ಹೋದ ಮೇಲೂ ಹೊರಡಲಿಲ್ಲ. ನೆನಪಿಲ್ಲ ಅನ್ನಬಹುದಿತ್ತು, ಅದಕ್ಕೆ ವಕೀಲರ ತಕರಾರೂ ಇರುತ್ತಿರಲಿಲ್ಲ. ಆದರೆ ಅವರಿಗೆ ಎಲ್ಲವೂ ನೆನಪಿತ್ತು. ಏನಾಗೂದಿಲ್ಲ ಸುಮ್ನಿರವ್ವ ಎಂದು ತಾವು ನಕ್ಕಿದ್ದು ಕೂಡ. ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ತಿಳಿಯುವ ಮೊದಲೇ ಮಾತು ಹೊರಬಿದ್ದಿತ್ತು.

"ಹೇಳಿದ್ರಿ. ಎರಡ್ ಸಲ ಹೇಳಿದ್ರಿ."

ಹೊಳೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳನ್ನು ಮಣ್ಣು ಮಾಡಿದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಡಾಕ್ಟರು ತಿರುಗಿ ನೋಡದೆ ಗಾಡಿ ಹೊರಡಿಸಿದರು. ಅವಳ ಅಳು ಘಟ್ಟ ಮುಗಿಯುವಷ್ಟರಲ್ಲಿ ತಾನಾಗಿಯೇ ನಿಂತಿತು.

ಜೋಯಿಡಾದ ಬಸ್ ನಿಲ್ದಾಣ ಕಾಣಿಸಿದಾಗ ಹೊಳೆವ್ವ ಚೀಲ ಎತ್ತಿಕೊಂಡಳು.

"ಇಲ್ಲೇ ಇಳಸ್ರಿ."

"ಹಳಿಯಾಳತನಕಾ ಬಿಡ್ತೇನಿ, ಕುಂದರ್ರಿ."

"ಬ್ಯಾಡ್ರಿ. ಈಗ ನಾ ಕೇಸ್ ಹಿಂದ ತಗಿಯೂದಿಲ್ಲ. ನಿಮ್ಮ ಗಾಡ್ಯಾಗ ಕುಂದ್ರೂದು ಸರಿಯಲ್ಲ."

"ಗೊತ್ತೈತಿ," ಅಂದರು ಡಾಕ್ಟರು.

ಆಯೋಗದ ಮುಂದೆಯೂ ಇದನ್ನೇ ಹೇಳುತ್ತೀರಾ ಎಂದು ಅವಳು ಕೇಳಲಿಲ್ಲ. ಇಳಿದು ಬಾಗಿಲು ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ. ಮತ್ತೆ ತೆಗೆದು, ಈ ಸಲ ಜೋರಾಗಿ ಹಾಕಿದಳು.